ಬಾಕಿ ಪಟ್ಟಿ ತೆರೆಯಲು 40 ಸೆಕೆಂಡ್: ದೊಡ್ಡ ಸರ್ವರ್ ಕೊಳ್ಳುವ ಮೊದಲು ಏನು ನೋಡಬೇಕು?

ಪೇಟೆ_ಬೀದಿ

ಎಲ್ಲರಿಗೂ ನಮಸ್ಕಾರ. ಚಿಕ್ಕಪೇಟೆಯ ಸಗಟು ಉಡುಪು ವಿತರಕರೊಬ್ಬರ ಬಿಲ್ಲಿಂಗ್ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದೇನೆ. ರಾಜ್ಯದ ಸುಮಾರು 50,000 ಅಂಗಡಿಗಳಿಗೆ ಅವರಿಂದ ಸರಕು ಹೋಗುತ್ತದೆ. ಡೇಟಾಬೇಸ್ ಪೋಸ್ಟ್‌ಗ್ರೆಸ್ 14. ಬಿಲ್ಲುಗಳ ಟೇಬಲ್‌ನಲ್ಲಿ ಒಂದೂವರೆ ಕೋಟಿ ಸಾಲುಗಳಿವೆ, ವಸೂಲಿ ಟೇಬಲ್‌ನಲ್ಲಿ ಎರಡು ಕೋಟಿ.

ವಸೂಲಿಗೆ ಹೊರಡುವ ಹುಡುಗರು ಬೆಳಗ್ಗೆ ತಮ್ಮ ಮಾರ್ಗದ ಬಾಕಿ ಪಟ್ಟಿಯನ್ನು ಮೊಬೈಲ್‌ನಲ್ಲಿ ತೆರೆಯುತ್ತಾರೆ. 90 ದಿನ ದಾಟಿದ ಬಿಲ್ಲುಗಳು, ಬಂದ ಹಣ, ಉಳಿದ ಹಣ ಅದರಲ್ಲಿರುತ್ತವೆ. ಸಾಮಾನ್ಯ ದಿನಗಳಲ್ಲಿ ಇದಕ್ಕೆ 12ರಿಂದ 15 ಸೆಕೆಂಡ್ ಹಿಡಿಯುತ್ತದೆ. ತಿಂಗಳ ಮೊದಲ ವಾರ ಬಂತೆಂದರೆ 40 ಸೆಕೆಂಡ್. ಹುಡುಗರು ಕಾದು ಬೇಸತ್ತು ಮತ್ತೆ ಮತ್ತೆ ಒತ್ತುತ್ತಾರೆ, ಆಗ ಬಿಲ್ ಹಾಕುವ ಕೌಂಟರ್ ಕೂಡ ನಿಲ್ಲುತ್ತದೆ. ಯಜಮಾನರು ದುಪ್ಪಟ್ಟು ಸಾಮರ್ಥ್ಯದ ಸರ್ವರ್ ಕೊಳ್ಳಲು ಸಿದ್ಧರಿದ್ದಾರೆ. ಹಣ ಖರ್ಚಾದ ಮೇಲೂ ಹೀಗೆಯೇ ಇದ್ದರೆ ಉತ್ತರ ಹೇಳಬೇಕಾದವಳು ನಾನು. ಎಲ್ಲಿಂದ ಶುರು ಮಾಡಲಿ?

ವಿಜಯನಗರ_ಎಕ್ಸ್‌ಪ್ರೆಸ್

ಕ್ವೆರಿಯ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಷರತ್ತಿನಲ್ಲಿ ಬರುವ ಪ್ರತಿಯೊಂದು ಕಾಲಂಗೂ ಇಂಡೆಕ್ಸ್ (ಬೇಗ ಹುಡುಕಲು ಪುಸ್ತಕದ ಕೊನೆಯಲ್ಲಿರುವಂಥ ಸೂಚಿ) ಹಾಕಿಬಿಡಿ. ಹತ್ತರಲ್ಲಿ ಒಂಬತ್ತು ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಹಳೆಯ_ಡಿಬಿಎ

ದಯವಿಟ್ಟು ಹಾಗೆ ಮಾಡಬೇಡಿ. ಒಂದೊಂದು ಇಂಡೆಕ್ಸ್ ಹೆಚ್ಚಾದಂತೆ ಬಿಲ್ ಹಾಕುವಾಗಲೆಲ್ಲ ಅಷ್ಟು ಕಡೆ ಬರೆಯಬೇಕು. ಕೌಂಟರ್ ಈಗಾಗಲೇ ನಿಲ್ಲುತ್ತಿದೆ ಎಂದು ಅವರೇ ಹೇಳುತ್ತಿದ್ದಾರಲ್ಲ!

ಮೇಡಂ, ಮೊದಲು ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಹಾಕಿ, ಆವರಣದೊಳಗೆ ಅನಲೈಸ್, ಬಫರ್ಸ್ ಎರಡನ್ನೂ ಸೇರಿಸಿ ಓಡಿಸಿ. ಬರೀ ಎಕ್ಸ್‌ಪ್ಲೇನ್ ಕೊಡುವುದು ಪ್ಲಾನರ್‌ನ, ಅಂದರೆ ಕ್ವೆರಿ ಓಡಿಸುವ ದಾರಿಯನ್ನು (ಪ್ಲಾನ್) ಆರಿಸುವ ಭಾಗದ, ಅಂದಾಜು ಮಾತ್ರ. ಅನಲೈಸ್ ಸೇರಿಸಿದಾಗ ಕ್ವೆರಿ ನಿಜವಾಗಿಯೂ ಓಡಿ, ಅಂದಾಜಿನ ಪಕ್ಕದಲ್ಲಿ ವಾಸ್ತವದ ಲೆಕ್ಕ ಬರುತ್ತದೆ. ಎಷ್ಟು ಪುಟಗಳು ನೆನಪಿನಲ್ಲೇ ಸಿಕ್ಕವು, ಎಷ್ಟನ್ನು ಹೊರಗಿನಿಂದ ತರಬೇಕಾಯಿತು ಎಂಬುದನ್ನು ಬಫರ್ಸ್ ಹೇಳುತ್ತದೆ. ಪೋಸ್ಟ್‌ಗ್ರೆಸ್ 18ರಲ್ಲಿ ಅನಲೈಸ್ ಎಂದರೆ ಬಫರ್ಸ್ ತಾನಾಗಿಯೇ ಬರುತ್ತದೆ, 14ರಲ್ಲಿ ನೀವೇ ಕೇಳಬೇಕು.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಎಚ್ಚರಿಕೆ. ಅನಲೈಸ್ ನಿಜವಾಗಿ ಓಡುತ್ತದೆ ಎಂದೆನಲ್ಲ, ಅಪ್‌ಡೇಟ್ ಅಥವಾ ಡಿಲೀಟ್ ಮುಂದೆ ಹಾಕಿದರೆ ಡೇಟಾ ನಿಜವಾಗಿಯೂ ಬದಲಾಗುತ್ತದೆ. ಅಂಥದ್ದನ್ನು ಬಿಗಿನ್ ಹೇಳಿ ಓಡಿಸಿ, ಕೊನೆಗೆ ರೋಲ್‌ಬ್ಯಾಕ್ ಮಾಡಿ, ಬದಲಾವಣೆ ರದ್ದಾಗುತ್ತದೆ.

ಮೋಡದ_ಮನೆ

ಇಷ್ಟೆಲ್ಲ ಏಕೆ? ಮುಂದೆ ಒಂದು ರೆಡಿಸ್ (ಉತ್ತರಗಳನ್ನು ನೆನಪಿನಲ್ಲಿಟ್ಟು ತಕ್ಷಣ ಕೊಡುವ ತಂತ್ರಾಂಶ) ಇಡಿ. ಬೆಳಗಿನ ಜಾವ ಎಲ್ಲ ಮಾರ್ಗಗಳ ಪಟ್ಟಿಯನ್ನು ತಯಾರಿಸಿ ಅದರಲ್ಲಿ ಹಾಕಿದರೆ ಹುಡುಗರಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುತ್ತದೆ. ರ್‍ಯಾಮ್ ಕೂಡ ಹೆಚ್ಚಿಸಬಹುದು. ಇಂಜಿನಿಯರ್ ಒಂದು ವಾರ ಕುಳಿತು ಪ್ಲಾನ್ ಓದುವ ಸಂಬಳದಲ್ಲಿ ದೊಡ್ಡ ಯಂತ್ರವೇ ಬರುತ್ತದೆ.

ಸಾಲು_ಕಂಬ

@ಮೋಡದ_ಮನೆ, ಇದು ಬಾಕಿ ಪಟ್ಟಿ. ಅಂಗಡಿಯವರು ಬೆಳಗ್ಗೆ 10ಕ್ಕೆ ಫೋನಿನಲ್ಲಿ ಹಣ ಕಳುಹಿಸಿರುತ್ತಾರೆ, 11ಕ್ಕೆ ಹುಡುಗ ಹೋಗಿ "ಇನ್ನೂ ಕೊಟ್ಟಿಲ್ಲ" ಎಂದು ನಿಂತರೆ ಇಪ್ಪತ್ತು ವರ್ಷದ ಗಿರಾಕಿ ಕೈ ತಪ್ಪುತ್ತಾನೆ. ಹಳೆಯ ಲೆಕ್ಕ ನಡೆಯುವ ಜಾಗದಲ್ಲಿ ಕ್ಯಾಶ್ (ಮೊದಲೇ ತೆಗೆದಿಟ್ಟ ಉತ್ತರಗಳ ಸಂಗ್ರಹ) ಇಡಿ, ಬೇಡ ಎನ್ನುವುದಿಲ್ಲ. ಇಲ್ಲಿ ಅದು ನಡೆಯುವುದಿಲ್ಲ. ಕಾರಣ ತಿಳಿಯದೆ ಮುಂದೊಂದು ಪದರ ಕಟ್ಟಿದರೆ ಕಾರಣ ಒಳಗೆ ಹಾಗೆಯೇ ಉಳಿಯುತ್ತದೆ, ಟೇಬಲ್ ಬೆಳೆದಂತೆ ಅದೂ ಬೆಳೆಯುತ್ತದೆ.

ಪೇಟೆ_ಬೀದಿ

ಹೌದು, ಹಣ ಬಂದ ತಕ್ಷಣ ಪಟ್ಟಿಯಲ್ಲಿ ಕಾಣಲೇಬೇಕು. ಅದರಲ್ಲಿ ರಾಜಿ ಇಲ್ಲ.

ಓಡಿಸಿ ನೋಡಿದೆ. ಪೂರ್ತಿ ಪ್ಲಾನ್ ಉದ್ದವಿದೆ, ಮುಖ್ಯವಾದದ್ದನ್ನು ಬರೆಯುತ್ತೇನೆ. ಒಟ್ಟು 38 ಸೆಕೆಂಡ್.

ಮೇಲೆ ನೆಸ್ಟೆಡ್ ಲೂಪ್ (ಹೊರಗಿನ ಪ್ರತಿ ಸಾಲಿಗೂ ಒಳಗಿನ ಟೇಬಲ್ ಅನ್ನು ಒಮ್ಮೆ ಹುಡುಕುವ ವಿಧಾನ). ಅದರ ಹೊರಭಾಗದಲ್ಲಿ ಅಂಗಡಿ ಟೇಬಲ್. ಪ್ರದೇಶ, ಪಿನ್‌ಕೋಡ್, ವಸೂಲಿ ಮಾರ್ಗ ಈ ಮೂರೂ ಷರತ್ತು. ಅಂದಾಜು ಸಾಲು 3, ವಾಸ್ತವ 2,041.

ಒಳಭಾಗದಲ್ಲಿ ಬಿಲ್ಲು ಟೇಬಲ್, ಅಂಗಡಿ ಸಂಖ್ಯೆಯ ಇಂಡೆಕ್ಸ್ ಸ್ಕ್ಯಾನ್. ಸಮಯ 14.2 ಮಿಲಿಸೆಕೆಂಡ್, ಸಾಲು 11, ಲೂಪ್ಸ್ 2,041. ಫಿಲ್ಟರ್‌ನಲ್ಲಿ ಬಿದ್ದುಹೋದ ಸಾಲು 287. ಬಫರ್ಸ್: ಹಿಟ್ (ನೆನಪಿನಲ್ಲೇ ಸಿಕ್ಕ ಪುಟ) 2,10,000, ರೀಡ್ (ಹೊರಗಿನಿಂದ ತಂದ ಪುಟ) 4,05,000.

ಅದರ ಮೇಲೆ ಇನ್ನೊಂದು ನೆಸ್ಟೆಡ್ ಲೂಪ್, ವಸೂಲಿ ಟೇಬಲ್. 0.3 ಮಿಲಿಸೆಕೆಂಡ್, ಲೂಪ್ಸ್ 22,451.

ವಿಜಯನಗರ_ಎಕ್ಸ್‌ಪ್ರೆಸ್

ಬಿಲ್ಲು ಟೇಬಲ್‌ಗೆ 14 ಮಿಲಿಸೆಕೆಂಡ್, ವಸೂಲಿಗೆ ಒಂದು ಮಿಲಿಸೆಕೆಂಡೂ ಇಲ್ಲ. ಇಂಡೆಕ್ಸ್ ಕೂಡ ಬಳಕೆಯಾಗಿದೆ. ಹಾಗಾದರೆ ಡೇಟಾಬೇಸ್ ಸರಿಯಾಗಿಯೇ ಇದೆ, ನಿಧಾನ ಆಗುತ್ತಿರುವುದು ನೆಟ್‌ವರ್ಕ್‌ನಲ್ಲೋ ಆ್ಯಪ್‌ನಲ್ಲೋ ಇರಬೇಕು.

ಸಾಲು_ಕಂಬ

ಅಲ್ಲ ಅಲ್ಲ. ಪ್ಲಾನ್‌ನಲ್ಲಿ ಬರುವ ಸಮಯವೂ ಸಾಲುಗಳೂ ಒಂದು ಲೂಪಿನ ಸರಾಸರಿ. 14.2 ಮಿಲಿಸೆಕೆಂಡನ್ನು 2,041ರಿಂದ ಗುಣಿಸಿ, 29 ಸೆಕೆಂಡ್! ವಸೂಲಿ ಟೇಬಲ್‌ನ 0.3ನ್ನು 22,451ರಿಂದ ಗುಣಿಸಿದರೆ ಸುಮಾರು 7 ಸೆಕೆಂಡ್. 38ರಲ್ಲಿ 36ರ ಲೆಕ್ಕ ಇಲ್ಲೇ ಸಿಕ್ಕಿತು. ನೆಟ್‌ವರ್ಕ್‌ನ ಸುದ್ದಿಯೇ ಬೇಡ.

ಬಫರ್ಸ್ ಮಾತ್ರ ಹಾಗಲ್ಲ, ಅದು ಎಲ್ಲ ಲೂಪ್‌ಗಳ ಒಟ್ಟು ಮೊತ್ತ. ಒಂದು ಪುಟ 8 ಕೆಬಿ. 4,05,000 ಪುಟ ಎಂದರೆ 3 ಜಿಬಿಗೂ ಹೆಚ್ಚು ಡೇಟಾವನ್ನು ಹೊರಗಿನಿಂದ ತಂದಿದೆ, ಒಬ್ಬ ಹುಡುಗನ ಒಂದು ಪಟ್ಟಿಗಾಗಿ.

ಹಳೆಯ_ಡಿಬಿಎ

ಸಾಲು_ಕಂಬ ಅವರ ಲೆಕ್ಕ ಸರಿ. ಆದರೆ ರೋಗದ ಬೇರು ಇನ್ನೂ ಕೆಳಗಿದೆ. ಅಂದಾಜು 3, ವಾಸ್ತವ 2,041. ಪ್ಲಾನ್ ಕೈಗೆ ಬಂದಾಗ ಎಲ್ಲರ ಕಣ್ಣೂ ಮೊದಲು ಸಮಯದ ಮೇಲೆ ಹೋಗುತ್ತದೆ. ನಾನು ಮೊದಲು ನೋಡುವುದು ಸಾಲುಗಳ ಎರಡು ಸಂಖ್ಯೆಗಳನ್ನು. ಒಳಗಿನ ತುದಿಯಿಂದ ಮೇಲಕ್ಕೆ ಓದುತ್ತ ಬನ್ನಿ, ಅಂದಾಜು ಮತ್ತು ವಾಸ್ತವ ಎಲ್ಲಿ ಮೊದಲು ಬೇರೆಯಾದವೋ ಅಲ್ಲಿ ನಿಲ್ಲಿ. ಅದರ ಮೇಲಿನದ್ದೆಲ್ಲ ಆ ತಪ್ಪು ಅಂದಾಜಿನ ಫಲ.

ಮೂರೇ ಅಂಗಡಿ ಸಿಗುತ್ತವೆ ಎಂದುಕೊಂಡರೆ ನೆಸ್ಟೆಡ್ ಲೂಪ್ ಆರಿಸಿದ್ದು ಸರಿಯೇ, ಮೂರು ಸಲ ಇಂಡೆಕ್ಸ್‌ಗೆ ಹೋಗಿ ಬಂದರಾಯಿತು. ಮೂವರಿಗೆಂದು ಅನ್ನಕ್ಕಿಟ್ಟ ಅಡುಗೆಯವರ ಮುಂದೆ 2,041 ಜನ ಎಲೆ ಹಾಕಿ ಕುಳಿತರೆ ಆಗುವ ಗತಿ ಇಲ್ಲಿ ಆಗಿದೆ.

ಮೂರು ಎಂಬ ಸಂಖ್ಯೆ ಹೇಗೆ ಬಂತೆಂದು ಊಹಿಸಬಲ್ಲೆ. ಆ ಪ್ರದೇಶದಲ್ಲಿ ಶೇ 4ರಷ್ಟು ಅಂಗಡಿಗಳಿವೆ. ಆ ಪಿನ್‌ಕೋಡ್‌ನಲ್ಲೂ ಶೇ 4, ಆ ಮಾರ್ಗದಲ್ಲೂ ಶೇ 4, ಏಕೆಂದರೆ ಅವೆಲ್ಲ ಅವೇ ಅಂಗಡಿಗಳು. ಪ್ಲಾನರ್‌ಗೆ ಅದು ಗೊತ್ತಿಲ್ಲ. ಒಂದು ಕಾಲಂಗೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ಅದು ನಂಬುತ್ತದೆ, ಮೂರನ್ನೂ ಗುಣಿಸುತ್ತದೆ. 50,000ವನ್ನು 0.04ರಿಂದ ಮೂರು ಸಲ ಗುಣಿಸಿ ನೋಡಿ, 3.2 ಬರುತ್ತದೆ.

ಪೋಸ್ಟ್‌ಗ್ರೆಸ್ 10ರಿಂದ ಇದಕ್ಕೆ ಪರಿಹಾರವಿದೆ. ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಎಂಬ ಆದೇಶದಿಂದ ಆ ಮೂರು ಕಾಲಂಗಳ ನಡುವಿನ ಅವಲಂಬನೆಯನ್ನು ದಾಖಲಿಸಬಹುದು. ನಂತರ ಆ ಟೇಬಲ್ ಮೇಲೆ ಅನಲೈಸ್ (ಮೇಲಿನ ಎಕ್ಸ್‌ಪ್ಲೇನ್‌ನದ್ದಲ್ಲ, ಬೇರೆ ಆದೇಶ) ಓಡಿಸಲೇಬೇಕು, ಇಲ್ಲದಿದ್ದರೆ ಆದೇಶ ಇದ್ದೂ ಇಲ್ಲದಂತೆ. ಇದು ಒಂದೇ ಟೇಬಲ್‌ನೊಳಗಿನ ಕಾಲಂಗಳಿಗೆ ಮಾತ್ರ. ಎರಡು ಟೇಬಲ್‌ಗಳ ನಡುವಿನ ಸಂಬಂಧಕ್ಕೆ ಕೆಲಸ ಮಾಡುವುದಿಲ್ಲ.

ಯಲಹಂಕ_ಉಪನ್ಯಾಸಕಿ

ಕಾಲೇಜಿನಲ್ಲಿ ಡೇಟಾಬೇಸ್ ಪಾಠ ಮಾಡುವವಳಾಗಿ ಇದನ್ನು ಓದಿ ಸಂತೋಷವಾಯಿತು. ಈ ಗುಣಾಕಾರದ ಮೂಲ ತುಂಬ ಹಳೆಯದು. ಐಬಿಎಂನ ಸಿಸ್ಟಂ ಆರ್ ಯೋಜನೆಯಲ್ಲಿ ಪೆಟ್ರಿಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಲೇಖನದಲ್ಲೇ ವೆಚ್ಚ ಲೆಕ್ಕ ಹಾಕಿ ದಾರಿ ಆರಿಸುವ ಪದ್ಧತಿ ಇದೆ, ಷರತ್ತುಗಳು ಪರಸ್ಪರ ಸ್ವತಂತ್ರ ಎಂಬ ಊಹೆಯೂ ಇದೆ. ಇಂದಿನ ಬಹುತೇಕ ಆಪ್ಟಿಮೈಸರ್‌ಗಳು (ಪ್ಲಾನರ್‌ಗಳ ಇನ್ನೊಂದು ಹೆಸರು) ಆ ದಾರಿಯಲ್ಲೇ ಬಂದವು.

ನಮ್ಮ ಊರಿನದೇ ಒಂದು ಕೆಲಸವನ್ನು ಹೇಳಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಡೇಟಾಬೇಸ್ ಪ್ರಯೋಗಾಲಯದಲ್ಲಿ ಜಯಂತ್ ಹರಿತ್ಸ ಅವರ ತಂಡ ಪಿಕಾಸೋ ಎಂಬ ಸಾಧನವನ್ನು ಮಾಡಿತು. ಷರತ್ತಿಗೆ ಎಷ್ಟು ಸಾಲು ಸಿಗುತ್ತವೆ ಎಂಬುದು ಬದಲಾದಂತೆ ಆಪ್ಟಿಮೈಸರ್ ಯಾವ ಯಾವ ಪ್ಲಾನ್‌ಗೆ ಜಿಗಿಯುತ್ತದೆ ಎಂಬುದನ್ನು ಅದು ಬಣ್ಣದ ಚಿತ್ರವಾಗಿ ತೋರಿಸುತ್ತದೆ. ಒಂದೇ ಕ್ವೆರಿಗೆ ಹತ್ತಾರು ಬಣ್ಣಗಳು! ಅಂದಾಜನ್ನು ನಂಬದೆಯೇ ಕ್ವೆರಿ ಓಡಿಸುವುದು ಹೇಗೆ ಎಂಬುದರ ಬಗ್ಗೆಯೂ ಅದೇ ಪ್ರಯೋಗಾಲಯದಿಂದ 2014ರಲ್ಲಿ "ಪ್ಲಾನ್ ಬೊಕೆ" ಎಂಬ ವಿಧಾನ ಬಂತು. ಯಶವಂತಪುರದ ಪಕ್ಕದಲ್ಲಿ ಇಂಥ ಕೆಲಸ ನಡೆದಿದೆ ಎಂಬುದೇ ನಮ್ಮ ಎಷ್ಟೋ ಇಂಜಿನಿಯರ್‌ಗಳಿಗೆ ತಿಳಿದಿಲ್ಲ. ವಿದ್ಯಾರ್ಥಿಗಳಿಗೆ ಆ ಚಿತ್ರಗಳನ್ನು ತೋರಿಸಿದ ಮೇಲೆ "ಇಂಡೆಕ್ಸ್ ಇದ್ದರೆ ವೇಗ, ಇಲ್ಲದಿದ್ದರೆ ನಿಧಾನ" ಎಂಬ ಮಾತು ತರಗತಿಯಲ್ಲಿ ನಿಂತುಹೋಗುತ್ತದೆ.

ಒರಾಕಲ್_ದಿಂದ_ಬಂದವನು

ಇದಕ್ಕೇ ನಾವು ಹಿಂಟ್ ಬಳಸುತ್ತಿದ್ದೆವು. "ಹ್ಯಾಶ್ ಜಾಯಿನ್ ಮಾಡು" (ಎರಡು ಟೇಬಲ್‌ಗಳನ್ನು ಒಂದೊಂದು ಸಲವೇ ಓದಿ ಜೋಡಿಸುವ ವಿಧಾನ) ಎಂದು ಕ್ವೆರಿಯಲ್ಲೇ ಬರೆದರೆ ತಕರಾರಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಅದು ಇಲ್ಲದಿರುವುದು ದೊಡ್ಡ ಕೊರತೆ.

ಹಳೆಯ_ಡಿಬಿಎ

ಮೂಲ ಪೋಸ್ಟ್‌ಗ್ರೆಸ್‌ನಲ್ಲಿ ಇಲ್ಲ, ಪಿಜಿ_ಹಿಂಟ್_ಪ್ಲಾನ್ ಎಂಬ ವಿಸ್ತರಣೆ ಇದೆ. ಆದರೆ ಹಿಂಟ್ ಬರೆದ ದಿನದ ಡೇಟಾಕ್ಕೆ ಅದು ಸರಿ, ಮೂರು ವರ್ಷದ ನಂತರದ ಡೇಟಾಕ್ಕೆ ಯಾರು ಹೊಣೆ? ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ, ಆ ಸಾಲನ್ನು ಮುಟ್ಟಲು ಉಳಿದವರಿಗೆ ಧೈರ್ಯ ಬರುವುದಿಲ್ಲ. ಪ್ಲಾನರ್‌ಗೆ ಸರಿಯಾದ ಮಾಹಿತಿ ಕೊಡಿ, ದಾರಿಯನ್ನು ಅದೇ ಹುಡುಕಲಿ.

ಒರಾಕಲ್_ದಿಂದ_ಬಂದವನು

ಮಾಹಿತಿ ಕೊಟ್ಟ ಮೇಲೂ ದಾರಿ ತಪ್ಪಿದ ಪ್ಲಾನರ್‌ಗಳನ್ನು ಕಣ್ಣಾರೆ ನೋಡಿದ್ದೇನೆ ಸರ್. ತಿಂಗಳಾಂತ್ಯದ ರಾತ್ರಿ ಸಂಬಳದ ಲೆಕ್ಕ ನಿಂತಾಗ ಸಿದ್ಧಾಂತ ಹೇಳುತ್ತ ಕೂರಲಾಗುವುದಿಲ್ಲ. ತುರ್ತಿಗೆ ಒಂದು ಸಾಧನ ಕೈಯಲ್ಲಿರಲಿ ಎನ್ನುವುದಷ್ಟೇ ನನ್ನ ವಾದ.

ಹಳೆಯ_ಡಿಬಿಎ

ತುರ್ತಿಗೆ ಒಪ್ಪುತ್ತೇನೆ. ಬೆಳಗ್ಗೆ ಅದನ್ನು ತೆಗೆಯುವ ಕೆಲಸವನ್ನೂ ಯಾರಾದರೂ ಬರೆದಿಟ್ಟುಕೊಳ್ಳಬೇಕು.

ಹೂವಿನ_ಲೆಕ್ಕ

90 ದಿನದ ಷರತ್ತನ್ನು ಹೇಗೆ ಬರೆದಿದ್ದೀರಿ? ಬಿಲ್ಲಿನ ಸಮಯದ ಕಾಲಂ ಅನ್ನು ಡೇಟ್ ಫಂಕ್ಷನ್ ಒಳಗೆ ಹಾಕಿದ್ದರೆ ಮೊದಲು ಅದನ್ನು ಬಿಡಿಸಿ. ಕಾಲಂ ಅನ್ನು ಫಂಕ್ಷನ್ ಸುತ್ತಿಕೊಂಡರೆ ಆ ಕಾಲಂ ಮೇಲಿನ ಸಾಮಾನ್ಯ ಇಂಡೆಕ್ಸ್ ಕೆಲಸಕ್ಕೆ ಬಾರದು, ಅಂದಾಜೂ ಹದಗೆಡುತ್ತದೆ. ಕಾಲಂ ಒಂದು ಕಡೆ ಬರಿದಾಗಿ ನಿಲ್ಲಲಿ, ಲೆಕ್ಕಾಚಾರವೆಲ್ಲ ಹೋಲಿಕೆಯ ಚಿಹ್ನೆಯ ಆ ಕಡೆ ಇರಲಿ.

ಇದು ವೇಗದ ವಿಷಯ ಮಾತ್ರವೂ ಅಲ್ಲ. ನಾನು ಕೆ.ಆರ್. ಮಾರುಕಟ್ಟೆಯ ಹೂವಿನ ವ್ಯಾಪಾರಿಗಳಿಗೆ ಲೆಕ್ಕದ ತಂತ್ರಾಂಶ ಮಾಡುತ್ತೇನೆ. ಅಲ್ಲಿ ವ್ಯಾಪಾರ ಬೆಳಕು ಹರಿಯುವ ಮೊದಲೇ ಶುರು. ಸರ್ವರ್ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿದ್ದರೆ ಅದರ ದಿನ ಬದಲಾಗುವುದು ನಮ್ಮ ಬೆಳಗಿನ 5:30ಕ್ಕೆ. ನಾಲ್ಕು ಗಂಟೆಗೆ ಮಾರಿದ ಸೇವಂತಿಗೆ ಹಿಂದಿನ ದಿನದ ಲೆಕ್ಕಕ್ಕೆ ಸೇರಿಬಿಡುತ್ತದೆ! ಟೈಮ್‌ಜೋನ್ ಇರುವ ಸಮಯದ ಕಾಲಂ ಮೇಲೆ ನೇರವಾಗಿ ಡೇಟ್ ಇಂಡೆಕ್ಸ್ ಹಾಕಲು ಹೋದರೆ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ, ಕಾರಣ ಇದೇ: ಉತ್ತರ ಟೈಮ್‌ಜೋನ್ ಸೆಟ್ಟಿಂಗ್‌ನಂತೆ ಬದಲಾಗುತ್ತದೆ.

ಪೇಟೆ_ಬೀದಿ

ಹೌದು, ಡೇಟ್ ಫಂಕ್ಷನ್ ಇದೆ. ತೆಗೆಯುತ್ತೇನೆ.

ಎರಡು_ಡಾಲ್ಫಿನ್

ಮೈಎಸ್‌ಕ್ಯೂಎಲ್ (ಇನ್ನೊಂದು ಡೇಟಾಬೇಸ್) ಬಳಸುವವರಿಗೆ ಒಂದು ಮಾತು. ಸ್ಲೋ ಕ್ವೆರಿ ಲಾಗ್ ಆನ್ ಮಾಡಿ "ಏನೂ ಬರುತ್ತಿಲ್ಲ, ನಮ್ಮದೆಲ್ಲ ವೇಗವಾಗಿದೆ" ಎನ್ನುವವರನ್ನು ತುಂಬ ನೋಡಿದ್ದೇನೆ. ಅದರ ಮಿತಿ ತಾನಾಗಿ 10 ಸೆಕೆಂಡ್ ಇರುತ್ತದೆ. ಒಂಬತ್ತು ಸೆಕೆಂಡ್ ಹಿಡಿಯುವ ಕ್ವೆರಿ ದಿನವಿಡೀ ಓಡಿದರೂ ಲಾಗ್‌ನಲ್ಲಿ ಒಂದಕ್ಷರ ಬರುವುದಿಲ್ಲ. ಅರ್ಧ ಸೆಕೆಂಡಿಗೆ ಇಳಿಸಿ ನೋಡಿ.

ಇನ್ನೊಂದು, ಫೋನ್ ಸಂಖ್ಯೆಯನ್ನು ಅಕ್ಷರಗಳ ಕಾಲಂನಲ್ಲಿಟ್ಟು ಉದ್ಧರಣ ಚಿಹ್ನೆ ಇಲ್ಲದೆ ಸಂಖ್ಯೆಯಾಗಿ ಹುಡುಕಿದರೆ ಇಂಡೆಕ್ಸ್ ಬಳಕೆಯಾಗದು, ಇಡೀ ಟೇಬಲ್ ಓದುತ್ತದೆ. ಎಕ್ಸ್‌ಪ್ಲೇನ್ ಅನಲೈಸ್ ನಮ್ಮಲ್ಲೂ 8.0.18ರಿಂದ ಇದೆ.

ರಾಗಿ_ಹುರಿಹಿಟ್ಟು

ವಿಷಯ ಸ್ವಲ್ಪ ಬೇರೆ, ಆದರೂ ಕೇಳುತ್ತೇನೆ. ನಮ್ಮಲ್ಲಿ ಅಂಗಡಿಗಳ ಹೆಸರು ಕನ್ನಡದಲ್ಲೇ ಇದೆ. ಹೆಸರಿನ ನಡುವಿನ ತುಣುಕಿನಿಂದ ಹುಡುಕಿದರೆ ತುಂಬ ನಿಧಾನ, ಕೆಲವೊಮ್ಮೆ ಇರುವ ಹೆಸರೇ ಸಿಗುವುದಿಲ್ಲ.

ಸಾಲು_ಕಂಬ

ಎರಡು ಬೇರೆ ಬೇರೆ ತೊಂದರೆಗಳು. ನಿಧಾನಕ್ಕೆ ಕಾರಣ ಹುಡುಕುವ ತುಣುಕಿನ ಮುಂದೆ ಹಾಕುವ, ಮೊದಲು ಏನಿದ್ದರೂ ಸರಿ ಎಂಬರ್ಥದ ಶೇಕಡಾ ಚಿಹ್ನೆ. ಸಾಮಾನ್ಯವಾಗಿ ಬಳಸುವ ಬಿ-ಟ್ರೀ ಇಂಡೆಕ್ಸ್ ಹೆಸರಿನ ಆರಂಭದಿಂದ ಹುಡುಕುತ್ತದೆ, ನಡುವಿನಿಂದ ಅದಕ್ಕೆ ಸಾಧ್ಯವಿಲ್ಲ. ಪಿಜಿ_ಟಿಆರ್‌ಜಿಎಂ (ಹೆಸರನ್ನು ಮೂರಕ್ಷರದ ತುಣುಕುಗಳಾಗಿ ಒಡೆಯುವ ವಿಸ್ತರಣೆ) ಮತ್ತು ಆ ತುಣುಕುಗಳನ್ನು ಹುಡುಕುವ ಜಿನ್ ಇಂಡೆಕ್ಸ್ ಬಗ್ಗೆ ಓದಿ. ಕನ್ನಡ ಹೆಸರುಗಳ ಮೇಲೆ ಪರೀಕ್ಷೆ ಮಾಡಿ ನೋಡಿದ ನಂತರವೇ ಬಳಸಿ, ಡೇಟಾಬೇಸ್‌ನ ಲೊಕೇಲ್ (ಭಾಷೆಯ ಸೆಟ್ಟಿಂಗ್) ಮೇಲೆ ಫಲಿತಾಂಶ ಬದಲಾಗುತ್ತದೆ.

ಸಿಗದಿರುವುದಕ್ಕೆ ಕಾರಣ ಯೂನಿಕೋಡ್. "ಟೆಕ್ಸ್‌ಟೈಲ್ಸ್" ಎಂದು ಬರೆಯುವಾಗ ಒಬ್ಬರು ನಡುವೆ ಕಣ್ಣಿಗೆ ಕಾಣದ ಜೋಡಿಸದ ಚಿಹ್ನೆ ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಓಕಾರದ ಚಿಹ್ನೆ ಒಂದೇ ಸಂಕೇತವಾಗಿಯೂ ಬರಬಹುದು, ಎರಡು ಮೂರು ಸೇರಿಯೂ ಬರಬಹುದು. ಪರದೆಯ ಮೇಲೆ ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ. ಹೆಸರನ್ನು ಉಳಿಸುವ ಮೊದಲೇ ನಾರ್ಮಲೈಸ್ ಮಾಡಿ, ಅಂದರೆ ಒಂದೇ ರೂಪಕ್ಕೆ ತನ್ನಿ. ಪೋಸ್ಟ್‌ಗ್ರೆಸ್ 13ರಿಂದ ಅದಕ್ಕೆ ಫಂಕ್ಷನ್ ಇದೆ. ಕಾಣದ ಚಿಹ್ನೆ ಮಾತ್ರ ಅದರಿಂದ ಹೋಗುವುದಿಲ್ಲ, ಹುಡುಕಾಟಕ್ಕೆಂದೇ ಇನ್ನೊಂದು ಕಾಲಂ ಇಟ್ಟು ಅಲ್ಲಿ ನೀವೇ ತೆಗೆದುಹಾಕಿ.

ರಾಗಿ_ಹುರಿಹಿಟ್ಟು

ಇಷ್ಟು ದಿನ ನುಡಿ ಕೀಲಿಮಣೆಯ ಮೇಲೆ ಅನುಮಾನ ಪಡುತ್ತಿದ್ದೆವು. ತುಂಬ ಧನ್ಯವಾದ.

ಮೋಡದ_ಮನೆ

ನಮ್ಮ ಭಾಷೆಯಲ್ಲಿ ಡೇಟಾ ಇಡುವ ತಂತ್ರಾಂಶಗಳು ಹೆಚ್ಚಾಗುತ್ತಿವೆ ಎಂಬುದೇ ಸಂತೋಷ. ಪೇಟೆಯ ಬಿಲ್ಲುಗಳು ಕನ್ನಡದಲ್ಲಿ ಬರುತ್ತವೆಯೇ? ನಮ್ಮ ಬಡಾವಣೆಯ ಅಂಗಡಿಗಳಲ್ಲಿ ನಾನು ಒಂದನ್ನೂ ನೋಡಿಲ್ಲ.

ನಿರ್ವಾಹಕಿ

ಕನ್ನಡ ಬಿಲ್ಲುಗಳ ಚರ್ಚೆ ಒಳ್ಳೆಯದೇ, ದಯವಿಟ್ಟು ಬೇರೆ ಎಳೆ ತೆರೆಯಿರಿ. ಇಲ್ಲಿ ಬಾಕಿ ಪಟ್ಟಿ ಮುಂದುವರಿಯಲಿ.

ಪೇಟೆ_ಬೀದಿ

ಪರೀಕ್ಷೆಗೆ ಇಟ್ಟಿರುವ ಪ್ರತಿಯ ಮೇಲೆ ಮಾಡಿದೆ. ಮೂರು ಕಾಲಂಗಳಿಗೆ ಸ್ಟ್ಯಾಟಿಸ್ಟಿಕ್ಸ್, ಆಮೇಲೆ ಅನಲೈಸ್. ಅಂದಾಜು 3ರಿಂದ 2,000ದ ಹತ್ತಿರಕ್ಕೆ ಬಂತು. ನೆಸ್ಟೆಡ್ ಲೂಪ್ ಹೋಗಿ ಹ್ಯಾಶ್ ಜಾಯಿನ್ ಬಂದಿದೆ. 38 ಸೆಕೆಂಡ್ 9ಕ್ಕೆ ಇಳಿದಿದೆ. ಒಂದು ಇಂಡೆಕ್ಸ್ ಕೂಡ ಸೇರಿಸಿಲ್ಲ!

ಆದರೆ ಈಗ ಬಿಲ್ಲು ಟೇಬಲ್ ಮೇಲೆ ಸೀಕ್ವೆನ್ಷಿಯಲ್ ಸ್ಕ್ಯಾನ್ ಕಾಣುತ್ತಿದೆ. ಇದು ಕೆಟ್ಟದ್ದಲ್ಲವೇ?

ಜೊತೆಗೆ ಶೇರ್ಡ್ ಬಫರ್ಸ್ (ಪುಟಗಳನ್ನು ನೆನಪಿನಲ್ಲಿಡಲು ಪೋಸ್ಟ್‌ಗ್ರೆಸ್‌ಗೆ ಕೊಟ್ಟ ಜಾಗ) ಎಷ್ಟಿದೆ ಎಂದು ನೋಡಿದೆ. 16 ಜಿಬಿ ರ್‍ಯಾಮ್ ಇರುವ ಯಂತ್ರದಲ್ಲಿ 128 ಎಂಬಿ. ಮೊದಲು ಇನ್‌ಸ್ಟಾಲ್ ಮಾಡಿಕೊಟ್ಟ ಗುತ್ತಿಗೆಯವರು ಹಾಗೆಯೇ ಬಿಟ್ಟಿದ್ದಾರೆ.

ಹಳೆಯ_ಡಿಬಿಎ

ಸೀಕ್ವೆನ್ಷಿಯಲ್ ಸ್ಕ್ಯಾನ್ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಆರು ಲಕ್ಷ ಸಲ ಅಲ್ಲೊಂದು ಇಲ್ಲೊಂದು ಪುಟ ಹೆಕ್ಕುವುದಕ್ಕಿಂತ ಇಡೀ ಟೇಬಲ್ ಅನ್ನು ಒಂದೇ ಬೀಸಿನಲ್ಲಿ ಓದುವುದು ಅಗ್ಗ, ಅದಕ್ಕೇ 9 ಸೆಕೆಂಡ್. ಆದರೆ ನಿಮಗೆ ಅದೂ ಬೇಡ.

128 ಎಂಬಿ ಎಂಬುದು ಪೋಸ್ಟ್‌ಗ್ರೆಸ್ ತಾನಾಗಿ ಇಟ್ಟುಕೊಳ್ಳುವ ಮೌಲ್ಯ. ಡೇಟಾಬೇಸ್‌ಗೆಂದೇ ಮೀಸಲಾದ ಯಂತ್ರದಲ್ಲಿ ರ್‍ಯಾಮ್‌ನ ಕಾಲು ಭಾಗದಿಂದ ಆರಂಭಿಸಿ ಎನ್ನುತ್ತದೆ ಅದರದೇ ಕೈಪಿಡಿ. 4 ಜಿಬಿ ಕೊಡಿ, ಮರುಪ್ರಾರಂಭ ಬೇಕು, ಅಂಗಡಿ ಮುಚ್ಚಿದ ಮೇಲೆ ಮಾಡಿ. @ಮೋಡದ_ಮನೆ, ನೋಡಿದಿರಲ್ಲ, ರ್‍ಯಾಮ್ ಈಗಾಗಲೇ ಇತ್ತು, ಕೊಂಡ ರ್‍ಯಾಮ್ ಬಳಕೆಯಾಗಿರಲಿಲ್ಲ.

ಎಸ್‌ಎಸ್‌ಡಿ ಇದ್ದರೆ ರ್‍ಯಾಂಡಮ್_ಪೇಜ್_ಕಾಸ್ಟ್ ಅನ್ನೂ (ಅಲ್ಲೊಂದು ಇಲ್ಲೊಂದು ಪುಟ ಓದುವ ವೆಚ್ಚದ ಅಂದಾಜು) ನೋಡಿ. ತಾನಾಗಿ 4 ಇರುತ್ತದೆ, ತಿರುಗುವ ಡಿಸ್ಕ್‌ಗಳ ಕಾಲದ್ದು. 1.1ಕ್ಕೆ ಇಳಿಸುವುದು ರೂಢಿ.

ಸಾಲು_ಕಂಬ

ಈಗ ಇಂಡೆಕ್ಸ್ ಮಾತಾಡೋಣ. ಮೊದಲ ಪ್ಲಾನ್‌ನಲ್ಲಿ ಪ್ರತಿ ಅಂಗಡಿಗೂ 298 ಬಿಲ್ಲು ತಂದು 287ನ್ನು ಎಸೆದಿದೆ. ಎಸೆದದ್ದೆಲ್ಲ ಬಹುಪಾಲು ಹಣ ಬಂದು ಮುಗಿದ ಹಳೆಯ ಬಿಲ್ಲುಗಳು. ಒಂದೂವರೆ ಕೋಟಿಯಲ್ಲಿ ಬಾಕಿ ಇರುವುದು ಐದಾರು ಲಕ್ಷ ಇರಬಹುದು. ಹಾಗಾದರೆ ಅಂಗಡಿ ಸಂಖ್ಯೆಯ ಮೇಲೆ "ಸ್ಥಿತಿ ಬಾಕಿ ಆಗಿದ್ದರೆ ಮಾತ್ರ" ಎಂಬ ಷರತ್ತಿನ ಭಾಗಶಃ ಇಂಡೆಕ್ಸ್ ಹಾಕಿ. ಮುಗಿದ ಬಿಲ್ಲು ಅದರಲ್ಲಿ ಇರುವುದೇ ಇಲ್ಲ, ಇಂಡೆಕ್ಸ್ ಚಿಕ್ಕದಾಗಿಯೇ ಉಳಿಯುತ್ತದೆ.

ಇಂಡೆಕ್ಸ್ ಆದೇಶಕ್ಕೆ ಕನ್ಕರೆಂಟ್ಲಿ ಎಂಬ ಪದ ಸೇರಿಸಿ ಕಟ್ಟಿ, ಇಲ್ಲದಿದ್ದರೆ ಅದು ಮುಗಿಯುವವರೆಗೆ ಬಿಲ್ ಹಾಕುವುದು ನಿಲ್ಲುತ್ತದೆ. ನಡುವೆ ಕೆಟ್ಟರೆ ಇನ್‌ವ್ಯಾಲಿಡ್ ಎಂಬ ಗುರುತಿನ ಅರೆಬರೆ ಇಂಡೆಕ್ಸ್ ಉಳಿಯುತ್ತದೆ, ಅದನ್ನು ತೆಗೆದು ಮತ್ತೆ ಕಟ್ಟಬೇಕು.

ಒರಾಕಲ್_ದಿಂದ_ಬಂದವನು

ಅದಕ್ಕೆ ಬೆಲೆ ಇಲ್ಲವೇ? ಸ್ಥಿತಿ ಬದಲಾದಾಗಲೆಲ್ಲ ಆ ಅಪ್‌ಡೇಟ್ ಹಾಟ್ (ಇಂಡೆಕ್ಸ್‌ಗಳನ್ನು ಮುಟ್ಟದೆ ಮುಗಿಯುವ ಅಗ್ಗದ ಅಪ್‌ಡೇಟ್) ಆಗುವ ಅವಕಾಶ ತಪ್ಪುತ್ತದೆ. ಷರತ್ತಿನಲ್ಲಿ ಬರುವ ಕಾಲಂ ಕೂಡ ಇಂಡೆಕ್ಸ್‌ನ ಕಾಲಂ ಎಂದೇ ಲೆಕ್ಕ.

ಸಾಲು_ಕಂಬ

ಒಳ್ಳೆಯ ಅಂಶ, ನಿಜ. ಆದರೆ ಒಂದು ಬಿಲ್ಲಿನ ಸ್ಥಿತಿ ಬಾಕಿಯಿಂದ ಮುಗಿದದ್ದಕ್ಕೆ ಜೀವಮಾನದಲ್ಲಿ ಒಮ್ಮೆ ಬದಲಾಗುತ್ತದೆ. ಆ ಬೆಲೆ ಕೊಡಬಹುದು. ದಿನಕ್ಕೆ ನೂರು ಸಲ ಬದಲಾಗುವ ಕಾಲಂ ಆಗಿದ್ದರೆ ನಾನೂ ಹಿಂಜರಿಯುತ್ತಿದ್ದೆ.

ನಿಜವಾದ ಅಪಾಯ ಬೇರೆ ಕಡೆ ಇದೆ. ಓಆರ್‌ಎಂ (ಆ್ಯಪ್‌ನ ಪರವಾಗಿ ಕ್ವೆರಿ ಬರೆಯುವ ತಂತ್ರಾಂಶ) "ಬಾಕಿ" ಎಂಬ ಮೌಲ್ಯವನ್ನು ಕ್ವೆರಿಯೊಳಗೆ ಬರೆಯದೆ ಪ್ಯಾರಾಮೀಟರ್ ಆಗಿ ಬೇರೆಯಾಗಿ ಕಳುಹಿಸುತ್ತಿದ್ದರೆ, ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಮೊದಲೇ ಸಿದ್ಧಪಡಿಸಿಟ್ಟ ಕ್ವೆರಿ) ಐದು ಸಲ ಓಡಿದ ಮೇಲೆ ಪೋಸ್ಟ್‌ಗ್ರೆಸ್ ಎಲ್ಲ ಮೌಲ್ಯಗಳಿಗೂ ಒಂದೇ ಆದ ಸಾಮಾನ್ಯ ಪ್ಲಾನ್‌ಗೆ ಹೊರಳಬಹುದು. ಆಗ ಮೌಲ್ಯ ಏನೆಂದು ತಿಳಿಯದು, ಭಾಗಶಃ ಇಂಡೆಕ್ಸ್ ಬಳಸಲೂ ಆಗದು. ಆ ಒಂದು ಷರತ್ತನ್ನು ಕ್ವೆರಿಯಲ್ಲೇ ನೇರವಾಗಿ ಬರೆಯಿರಿ.

ಪೇಟೆ_ಬೀದಿ

ಸ್ಟ್ಯಾಟಿಸ್ಟಿಕ್ಸ್, ಡೇಟ್ ಫಂಕ್ಷನ್ ತೆಗೆದದ್ದು, ಭಾಗಶಃ ಇಂಡೆಕ್ಸ್, 4 ಜಿಬಿ, ಎಲ್ಲವೂ ನಿಜವಾದ ಸರ್ವರ್‌ಗೆ ಹೋದವು. ಇಂದು ಬೆಳಗ್ಗೆ ಬಾಕಿ ಪಟ್ಟಿ ಒಂದು ಸೆಕೆಂಡಿಗಿಂತ ಕಡಿಮೆ, ಸುಮಾರು 0.7. ಹುಡುಗರು ಫೋನ್ ಮಾಡಿ "ಅಕ್ಕ, ಏನು ಮಾಡಿದಿರಿ?" ಎಂದು ಕೇಳಿದರು. ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು.

ತಿಂಗಳ ಮೊದಲ ವಾರವೇ ಏಕೆ ಅಷ್ಟು ಕೆಡುತ್ತಿತ್ತು ಎಂಬುದು ಮಾತ್ರ ಪೂರ್ತಿ ಅರ್ಥವಾಗಿಲ್ಲ.

ಹೂವಿನ_ಲೆಕ್ಕ

ಆ ವಾರ ಬೇರೇನು ಓಡುತ್ತದೆ? ಮಾರಾಟದ ಜಿಎಸ್‌ಟಿ ವಿವರವಾದ ಜಿಎಸ್‌ಟಿಆರ್-1 ಸಲ್ಲಿಸಲು 11ನೇ ತಾರೀಕು ಕೊನೆ, ಲೆಕ್ಕಿಗರು ಅದಕ್ಕೂ ಮುನ್ನ ಇಡೀ ತಿಂಗಳ ಬಿಲ್ಲುಗಳನ್ನು ಎಳೆಯುತ್ತಾರೆ. 128 ಎಂಬಿ ಜಾಗದಲ್ಲಿ ಅವರ ವರದಿ ಬಂದು ಕುಳಿತರೆ ಹುಡುಗರ ಪಟ್ಟಿಯ ಪುಟಗಳೆಲ್ಲ ಹೊರಗೆ.

ಹಳೆಯ_ಡಿಬಿಎ

ಅದರ ಜೊತೆಗೆ ಇನ್ನೊಂದನ್ನು ಪರೀಕ್ಷಿಸಿ. ಈಗಿರುವ ಸಂಪರ್ಕಗಳನ್ನು ತೋರಿಸುವ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿಯಲ್ಲಿ "ಐಡಲ್ ಇನ್ ಟ್ರಾನ್ಸಾಕ್ಷನ್" ಎಂದು ಗಂಟೆಗಟ್ಟಲೆ ಕುಳಿತ ಸಂಪರ್ಕ ಇದೆಯೇ? ಲೆಕ್ಕಿಗರ ವರದಿಯ ಕಿಟಕಿ ತೆರೆದೇ ಇದ್ದರೆ, ಅದು ಹಿಡಿದಿಟ್ಟ ಹಳೆಯ ನೋಟಕ್ಕೆ ಬೇಕಾಗಬಹುದೆಂದು ವ್ಯಾಕ್ಯೂಮ್ ಎಂಬ ಶುಚಿ ಕೆಲಸಕ್ಕೆ ಸತ್ತ ಸಾಲುಗಳನ್ನು (ಅಳಿಸಿದ ಅಥವಾ ಬದಲಾದ ಸಾಲುಗಳ ಹಳೆಯ ಪ್ರತಿ) ತೆಗೆಯಲಾಗದು.

ಮತ್ತೆ, ಆಟೋವ್ಯಾಕ್ಯೂಮ್ ಓಡಬೇಕಾದರೆ ಟೇಬಲ್‌ನ ಶೇ 20ರಷ್ಟು ಸಾಲುಗಳು ಸತ್ತಿರಬೇಕು ಎಂಬುದು ತಾನಾಗಿ ಇರುವ ನಿಯಮ. ಒಂದೂವರೆ ಕೋಟಿಯಲ್ಲಿ ಅದು 30 ಲಕ್ಷ! ಅಂದಾಜಿನ ಮಾಹಿತಿಯನ್ನು ಹೊಸದಾಗಿಸುವ ಆಟೋಅನಲೈಸ್‌ಗೆ ಶೇ 10ರಷ್ಟು ಸಾಲುಗಳು ಬದಲಾಗಿರಬೇಕು, ಅಂದರೆ 15 ಲಕ್ಷ. ಸಣ್ಣ ಟೇಬಲ್‌ಗೆ ಸರಿಯಾದ ನಿಯಮ ಇದು, ಬಿಲ್ಲು ಟೇಬಲ್‌ಗೆ ಬಹಳ ತಡ. ಆ ಎರಡು ದೊಡ್ಡ ಟೇಬಲ್‌ಗಳಿಗೆ ಮಾತ್ರ ಈ ಪ್ರಮಾಣವನ್ನು ಶೇ 1 ಅಥವಾ 2ಕ್ಕೆ ಇಳಿಸಿ. ಇಡೀ ಸರ್ವರ್‌ಗೆ ಬೇಡ.

ಇನ್ನೊಂದು ಮಾತು, 14ಕ್ಕೆ 2026ರ ನವೆಂಬರ್‌ನಲ್ಲಿ ಬೆಂಬಲ ಮುಗಿಯುತ್ತದೆ. ಮೇಲ್ದರ್ಜೆಗೇರಿಸುವ ಯೋಜನೆಯನ್ನು ಯಜಮಾನರ ಮುಂದೆ ಈಗಲೇ ಇಡಿ.

ವಿಜಯನಗರ_ಎಕ್ಸ್‌ಪ್ರೆಸ್

ಇದನ್ನೆಲ್ಲ ಓದಿ ನಮ್ಮ ಆ್ಯಪ್‌ನಲ್ಲೂ ನೋಡಿದೆ. ಒಂದು ಪುಟ ತೆರೆದರೆ ಆರ್ಡರ್ ಪಟ್ಟಿಗೆ ಒಂದು ಕ್ವೆರಿ, ಆಮೇಲೆ ಒಂದೊಂದು ಆರ್ಡರ್‌ನ ಗ್ರಾಹಕರಿಗೂ ಬೇರೆ ಬೇರೆ ಕ್ವೆರಿ ಹೋಗುತ್ತಿದೆ. ಪ್ರತಿಯೊಂದೂ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಆ್ಯಪ್ ಇರುವುದು ಬೆಂಗಳೂರಿನ ಕಚೇರಿಯ ಯಂತ್ರದಲ್ಲಿ, ಡೇಟಾಬೇಸ್ ಮುಂಬೈನಲ್ಲಿ.

ಸಾಲು_ಕಂಬ

ಇದಕ್ಕೆ ಎನ್ ಪ್ಲಸ್ ಒನ್ ಎನ್ನುತ್ತಾರೆ: ಪಟ್ಟಿಗೆ ಒಂದು, ಸಾಲಿಗೊಂದರಂತೆ ಎನ್ ಕ್ವೆರಿ. ಹೋಗಿ ಬರುವುದಕ್ಕೆ 20 ಮಿಲಿಸೆಕೆಂಡ್ ಎಂದುಕೊಳ್ಳಿ, 500 ಆರ್ಡರ್‌ಗೆ 10 ಸೆಕೆಂಡ್ ದಾರಿಯಲ್ಲೇ ಕಳೆಯುತ್ತದೆ. ಡೇಟಾಬೇಸ್‌ನಲ್ಲಿ ಎಷ್ಟು ಹುಡುಕಿದರೂ ನಿಧಾನದ ಕ್ವೆರಿ ಸಿಗುವುದಿಲ್ಲ. ಗ್ರಾಹಕರನ್ನು ಒಟ್ಟಿಗೆ ತರುವಂತೆ ಓಆರ್‌ಎಂಗೆ ಹೇಳಿ, ಎರಡೇ ಕ್ವೆರಿಯಲ್ಲಿ ಮುಗಿಯುತ್ತದೆ.

ಪೇಟೆ_ಬೀದಿ

ಕೊನೆಯದಾಗಿ ಒಂದು. ಯಾವ ಕ್ವೆರಿ ಎಷ್ಟು ಸಲ, ಎಷ್ಟು ಹೊತ್ತು ಓಡಿತು ಎಂದು ಲೆಕ್ಕವಿಡುವ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಹಾಕಿ ಒಂದು ವಾರ ಬಿಟ್ಟು, ಒಟ್ಟು ಸಮಯದ ಇಳಿಕೆಯ ಕ್ರಮದಲ್ಲಿ ನೋಡಿದೆ. ಬಾಕಿ ಪಟ್ಟಿ ಮೇಲಿನ ಹತ್ತರಲ್ಲೂ ಇಲ್ಲ. ಮೊದಲ ಸ್ಥಾನದಲ್ಲಿರುವುದು ಯಾರೂ ದೂರು ಹೇಳದ ಒಂದು ಕ್ವೆರಿ: ಸರಕಿನ ದರ ಕೇಳುವುದು. ಸರಾಸರಿ 3 ಮಿಲಿಸೆಕೆಂಡ್, ವಾರದಲ್ಲಿ 90 ಲಕ್ಷ ಸಲ ಓಡಿದೆ. ಒಟ್ಟು ಏಳೂವರೆ ಗಂಟೆ. ಇದನ್ನೂ ಇಂಡೆಕ್ಸ್‌ನಿಂದ ಇಳಿಸಬಹುದೇ?

ಹಳೆಯ_ಡಿಬಿಎ

3ನ್ನು 1ಕ್ಕೆ ಇಳಿಸುವ ಮೊದಲು 90 ಲಕ್ಷ ಏಕೆ ಎಂದು ಕೇಳಿ. ದರ ದಿನಕ್ಕೆ ಎಷ್ಟು ಸಲ ಬದಲಾಗುತ್ತದೆ?

ಪೇಟೆ_ಬೀದಿ

ದಿನಕ್ಕೆ ಒಮ್ಮೆ, ಬೆಳಗ್ಗೆ. ಕೌಂಟರ್‌ನ ಪರದೆ ಒಂದೊಂದು ಅಕ್ಷರ ಒತ್ತಿದಾಗಲೂ ಕೇಳುತ್ತಿದೆ ಎಂದು ಈಗ ಗೊತ್ತಾಯಿತು.

ಸಾಲು_ಕಂಬ

@ಮೋಡದ_ಮನೆ, ನಿಮ್ಮ ಕ್ಯಾಶ್‌ಗೆ ಸರಿಯಾದ ಜಾಗ ಇದು. ದರದ ಪಟ್ಟಿ ಬೆಳಗ್ಗೆ ಒಮ್ಮೆ ಕೌಂಟರ್‌ಗೆ ಹೋಗಲಿ, ದಿನವಿಡೀ ಅಲ್ಲೇ ಇರಲಿ.

ಮೋಡದ_ಮನೆ

ಇದಕ್ಕೆ ರೆಡಿಸ್ ಕೂಡ ಬೇಡ, ಆ್ಯಪ್‌ನ ನೆನಪಿನಲ್ಲೇ ಇಟ್ಟುಕೊಂಡರೆ ಸಾಕು. ದರ ಬದಲಾದಾಗ ಪೋಸ್ಟ್‌ಗ್ರೆಸ್‌ನ ನೋಟಿಫೈ ಆದೇಶದಿಂದ ಎಲ್ಲ ಕೌಂಟರ್‌ಗಳಿಗೂ ಸುದ್ದಿ ಕಳುಹಿಸಬಹುದು, ಮಧ್ಯಾಹ್ನ ದರ ತಿದ್ದಿದರೂ ಹಳೆಯ ದರದಲ್ಲಿ ಬಿಲ್ ಆಗುವುದಿಲ್ಲ. ಬೇಕಿದ್ದರೆ ಮಾದರಿ ಕೋಡ್ ಬರೆದು ಕೊಡುತ್ತೇನೆ, ಆ್ಯಪ್ ಯಾವ ಭಾಷೆಯಲ್ಲಿದೆ ಎಂದು ತಿಳಿಸಿ.

ಪೇಟೆ_ಬೀದಿ

ಪೈಥಾನ್, ಜ್ಯಾಂಗೋ. ಕಳುಹಿಸಿ ಸರ್, ಶನಿವಾರ ಅಂಗಡಿ ಮುಚ್ಚಿದ ಮೇಲೆ ಪರೀಕ್ಷೆ ಮಾಡುತ್ತೇನೆ.